ಬಿತ್ತಿದ ಕಾಳು

ಕನ್ಯಾಕುಮಾರಿಯನ್ನು ನೋಡಲೆಂದು ಊರಿನಿಂದ ಬಂದ ನೆಂಟರನ್ನು ತಂಪಾನೂರ್ ನಿಲ್ದಾಣದಲ್ಲಿ ಎದುರುಗೊಂಡು, ಅಲ್ಲಿಂದಲೇ ಬಸ್ಸು ಹತ್ತಿಸುವುದು ನಮ್ಮ ಕನ್ನಡ ಮನೆಗಳಲ್ಲಿ ವಾಡಿಕೆ. ದಾರಿಯಲ್ಲಿ ನಾಗರಕೋವಿಲಿನ ಕೋಟ್ಟಾರಿನಲ್ಲಿ ಇಳಿದರೆ, ಸಂತ ಫ್ರಾನ್ಸಿಸ್ ಕ್ಸೇವಿಯರರ ದೇವಾಲಯದಲ್ಲಿ ದೇವಸಹಾಯಂ ಎಂಬವರ ಸಮಾಧಿಯುಂಟು. ಕಳೆದ ಸಲ ಜೊತೆಗಿದ್ದ ಹುಡುಗನೊಬ್ಬ ಅವರ ಕಥೆ ಕೇಳಿ, "ಹೆಸರೇ ದೇವಸಹಾಯ. ಆದರೂ ದೇವರು ಸಹಾಯ ಮಾಡಲಿಲ್ಲವಲ್ಲ, ಮಾಮಾ?" ಎಂದ. ವಾಚಕ ಬಂಧುಗಳೇ, ಆ ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ.

1712ರಲ್ಲಿ ನಟ್ಟಾಲಂನಲ್ಲಿ ಹುಟ್ಟಿದ ನೀಲಕಂಠ ಪಿಳ್ಳೆಯವರು ತಿರುವಾಂಕೂರಿನ ಮಾರ್ತಾಂಡವರ್ಮ ಮಹಾರಾಜರ ಅಧಿಕಾರಿಯಾಗಿದ್ದವರು. 1741ರ ಕೊಳಚ್ಚಲ್ ಕದನದಲ್ಲಿ ಸೆರೆಸಿಕ್ಕು, ಆಮೇಲೆ ಅದೇ ರಾಜರ ಸೇವೆಗೆ ಸೇರಿದ ಡಚ್ ಸೇನಾನಿ ಡಿ ಲನ್ನಾಯ್ ಅವರಿಂದ ಯೇಸುಸ್ವಾಮಿಯ ಬೋಧೆಯನ್ನು ಅರಿತು, 1745ರಲ್ಲಿ ದೀಕ್ಷಾಸ್ನಾನ ಪಡೆದರು. ಲಾಜರನೆಂದು ಹೆಸರಾಯಿತು, ದೇವಸಹಾಯಂ ಎಂಬುದು ಅದರದೇ ಅರ್ಥ. ಜಾತಿಯ ಮೇಲುಕೀಳನ್ನೆಣಿಸದೆ ಎಲ್ಲರೊಡನೆ ಬೆರೆತರು. ಸೆರೆಮನೆಯನ್ನೂ ಹಿಂಸೆಯನ್ನೂ ಸಹಿಸಿ, 1752ರ ಜನವರಿ 14ರಂದು ಆರಲ್ವಾಯ್ಮೊಳಿಯ ಬೆಟ್ಟದಲ್ಲಿ ನಂಬಿಕೆಗಾಗಿ ಗುಂಡಿಗೆ ಬಲಿಯಾದರೆಂದು ಕ್ರೈಸ್ತಸಭೆಯ ಪರಂಪರೆ ಹೇಳುತ್ತದೆ. 2022ರ ಮೇ 15ರಂದು ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ಆ ಹೊತ್ತಿಗೆ ಹೆಸರಿನೊಡನಿದ್ದ 'ಪಿಳ್ಳೆ' ಎಂಬ ಜಾತಿಸೂಚಕವನ್ನು ಕೈಬಿಡಲಾಗಿತ್ತು.

ಲಾಜರನನ್ನು ಯೇಸು ಗೋರಿಯಿಂದ ಎಬ್ಬಿಸಿದ ಕಥೆ ಯೋಹಾನನ ಸುವಾರ್ತೆಯಲ್ಲಿದೆ. ಅದರ ಮರು ಅಧ್ಯಾಯದಲ್ಲೇ ಗೋದಿಕಾಳಿನ ಉಪಮೆ ಬರುತ್ತದೆ. ಮಣ್ಣಿಗೆ ಬೀಳದ ಕಾಳು ಒಂಟಿಯಾಗಿಯೇ ಉಳಿಯುವುದು. ಬಿದ್ದು ಅಳಿದದ್ದು ತೆನೆಯಾಗುವುದು. ಬದುಕನ್ನು ಬಿಗಿಹಿಡಿದವನಿಗೆ ಅದು ದಕ್ಕದು, ಬಿಟ್ಟುಕೊಟ್ಟವನಿಗೆ ನಿತ್ಯಜೀವವೆಂಬುದು ಅದರ ತಿರುಳು. ಹಾಗೆಂದು ಸಾವನ್ನು ಹುಡುಕಿಕೊಂಡು ಹೋಗೆಂದಲ್ಲ. ನಿತ್ಯಜೀವವೂ ಸತ್ತ ಮೇಲಿನ ಬಹುಮಾನ ಮಾತ್ರವಲ್ಲ. ದೇವರನ್ನರಿತ ಗಳಿಗೆಯಿಂದಲೇ ತೊಡಗುವ ಬಾಳು ಎಂಬುದು ಅದೇ ಸುವಾರ್ತೆಯ ಮಾತು. ದೇವಸಹಾಯರಿಗೆ ದೊರೆತ ಸಹಾಯ ಗುಂಡಿನಿಂದ ಬಿಡುಗಡೆಯಲ್ಲ. ಗುಂಡಿನೆದುರೂ ಹಿಮ್ಮೆಟ್ಟದ ಬಲ.

ನಮ್ಮಲ್ಲಿ ಯಾರಿಗೂ ಅಂಥ ಪರೀಕ್ಷೆ ಬಾರದಿರಲಿ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬರುವಾಗ, ಪಾತ್ರೆಪಡಗದೊಡನೆ ಮೇಲರಿಮೆಯ ಗಂಟೊಂದನ್ನೂ ಕಟ್ಟಿಕೊಂಡು ಬಂದವರು ನಾವು. ಮನೆಗೆಲಸದಾಕೆಗೆ ಬೇರೆ ಲೋಟವೆಂಬುದು ಇಂದಿಗೂ ಕೆಲವು ಅಡುಗೆಮನೆಗಳಲ್ಲಿ ಉಳಿದಿದೆ. ಆ ಲೋಟವನ್ನು ಕಪಾಟಿನಿಂದ ತೆಗೆಯುವುದಕ್ಕೆ ಯಾರೂ ಪ್ರಾಣ ಕೊಡಬೇಕಿಲ್ಲ. ನಮ್ಮ 'ನಾನು' ಮಾತ್ರ ಕೊಂಚ ಸಾಯಬೇಕು, ಕಷ್ಟವಿರುವುದೂ ಅಲ್ಲೇ. ಕಾಳು ಬಿತ್ತುವ ಕೆಲಸವನ್ನು ಅಲ್ಲಿಂದಲೇ ತೊಡಗೋಣವೇ?