‘ಕಾಮರ್ಸ್ ಅಂತ ಆಯ್ತು ಮೇಡಂ’

ಅಸ್ಮಿತೆಯ ಬೆಳವಣಿಗೆಯನ್ನು ಅಳೆಯುವ ಮನಶ್ಶಾಸ್ತ್ರದ ಮಾಪಕಗಳು ನಮ್ಮ ಮಕ್ಕಳನ್ನು ತಪ್ಪಾಗಿ ಓದುತ್ತಿವೆ ಎಂದು ಬರೆದಿದ್ದೆ. ಅದಕ್ಕೆ ಬಂದ ಆಕ್ಷೇಪಗಳಲ್ಲಿ ಕೆಲವಕ್ಕಾದರೂ ಉತ್ತರ ಹೇಳಲೇಬೇಕು.

‘ಹರೆಯ ಎಲ್ಲೆಡೆ ಒಂದೇ, ಹರೆಯದ ಅಸ್ಮಿತೆಯ ಬಗ್ಗೆ ಎರಿಕ್ಸನ್ ಹೇಳಿದ್ದು ಮನುಷ್ಯರಿಗೆಲ್ಲ ಅನ್ವಯ’ ಎನ್ನುತ್ತಾರೆ. ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಬಗ್ಗೆ ನನಗೆ ತಕರಾರಿಲ್ಲ. ಗಾಂಧಿಯನ್ನು ಅರಿಯಲು ಅಹಮದಾಬಾದಿನ 1918ರ ಗಿರಣಿ ಮುಷ್ಕರವನ್ನು ಕೆದಕಿ, 1969ರಲ್ಲಿ ‘ಗಾಂಧೀಸ್ ಟ್ರೂತ್’ ಪ್ರಕಟಿಸಿದವರು ಅವರು. ಒಬ್ಬನ ಗುರುತು ಅವನ ಸಮಾಜ, ಅವನ ಕಾಲದೊಳಗೇ ಮೂಡುತ್ತದೆಂದು ಬಲ್ಲವರು. ತೊಡಕಿರುವುದು ಆಮೇಲೆ ಬಂದ ಅಳತೆಗೋಲಿನಲ್ಲಿ. 1966ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಷಿಯಾ ಕಾಲೇಜು ಹುಡುಗರನ್ನು, ಹುಡುಗರನ್ನಷ್ಟೇ, ಉದ್ಯೋಗ, ಧರ್ಮ, ರಾಜಕೀಯದ ಬಗ್ಗೆ ಸಂದರ್ಶಿಸಿ ಅಸ್ಮಿತೆಯ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ತಾವೇ ಹುಡುಕಾಡಿ ನಿರ್ಧರಿಸಿದವರು ಮೇಲಿನ ಮೆಟ್ಟಿಲಿಗೆ ಹೋದರು. ಹಿರಿಯರು ತೋರಿದ್ದನ್ನು ಹುಡುಕಾಟವಿಲ್ಲದೆ ಒಪ್ಪಿದವರು ಕೆಳಗುಳಿದರು.

‘ಹಾಗಿದ್ದರೆ ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿ, ಮುಗಿಯಿತಲ್ಲ’ ಎಂಬುದು ಇನ್ನೊಂದು ಮಾತು. ಮುಗಿಯುವುದಿಲ್ಲ. ನಾನು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುವವಳು. ಯಾಕೆ ಈ ವಿಷಯ ತಗೊಂಡೆ ಎಂದು ಕೇಳಿದರೆ ಹುಡುಗಿ ಹೇಳುತ್ತಾಳೆ: ‘ಮನೇಲಿ ಮಾತಾಡಿದ್ವಿ, ಕಾಮರ್ಸ್ ಅಂತ ಆಯ್ತು ಮೇಡಂ.’ ಈ ವಾಕ್ಯದಲ್ಲಿ ‘ನಾನು’ ಇಲ್ಲ. ಪ್ರಶ್ನಾವಳಿ ಹಿಡಿದವರು ‘ಪೋಷಕರ ನಿರ್ಧಾರ’ ಎಂಬಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ಸ್ವಲ್ಪ ಹೊತ್ತು ಕೂರಿಸಿಕೊಂಡು ಕೇಳಿದರೆ ಬೇರೆಯೇ ಕಥೆ: ಅಪ್ಪನಿಗೆ ಕಲಾ ವಿಭಾಗ ಸಾಕಿತ್ತು, ಇವಳಿಗೆ ಲೆಕ್ಕ ಇಷ್ಟ. ಅವಳು ಎದುರು ಮಾತಾಡಲಿಲ್ಲ. ಮೊದಲು ಅಮ್ಮನ ಕಿವಿಗೆ ಹಾಕಿದಳು, ಅಮ್ಮ ಸೋದರಮಾವನಿಗೆ ಹೇಳಿದರು, ಹಬ್ಬಕ್ಕೆ ಬಂದ ಮಾವ ಊಟಕ್ಕೆ ಕೂತಾಗ ಭಾವನ ಎದುರು ಮಾತು ತೆಗೆದರು. ಎರಡು ತಿಂಗಳ ಹುಡುಕಾಟ, ಜಾಣತನ, ಪಟ್ಟು ಎಲ್ಲವೂ ಆ ‘ಆಯ್ತು’ ಎಂಬ ಒಂದು ಪದದೊಳಗೆ ಅಡಗಿದೆ. ಇದನ್ನು ಅಪಕ್ವತೆ ಎಂದು ಬರೆದುಕೊಳ್ಳುವುದು ಆ ಹುಡುಗಿಗೆ ಮಾಡುವ ಅನ್ಯಾಯ.

ಜಾತಿ, ಭಾಷೆಗಳು ಸಮಾಜಶಾಸ್ತ್ರದವರ ಪಾಲು ಎಂದೂ ಒಬ್ಬರು ಬರೆದಿದ್ದಾರೆ. ಜೀನ್ ಫಿನ್ನಿ 1992ರಲ್ಲೇ ಜನಾಂಗೀಯ ಅಸ್ಮಿತೆಗೆ ಮಾಪಕ ಕೊಟ್ಟರು, ಅದು ಮನಶ್ಶಾಸ್ತ್ರವೇ. ಹಾಸ್ಟೆಲಿಗೆ ಕಾಲಿಟ್ಟ ದಿನವೇ ‘ನೀವು ಯಾರ ಪೈಕಿ?’ ಎಂಬ ಪ್ರಶ್ನೆ ಎದುರಿಸಿ, ಉತ್ತರಿಸಲೋ ಮಾತು ಮರೆಸಲೋ ಎಂದು ತಡವರಿಸುವ ಹುಡುಗನ ಮನಸ್ಸಿನಲ್ಲಿ ನಡೆಯುವುದು ಮಾತ್ರ ಹೇಗೆ ಬೇರೆಯವರ ಪಾಲಾಗುತ್ತದೆ?

ಸಾಕಷ್ಟು ದತ್ತಾಂಶ ಇದೆ ಎಂಬವರಿಗೆ ಜೆಫ್ರಿ ಆರ್ನೆಟ್ 2008ರಲ್ಲಿ ಮಾಡಿದ ಲೆಕ್ಕ ನೆನಪಿಸುತ್ತೇನೆ. ಅಮೆರಿಕದ ಆರು ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಶೇ. 96ರಷ್ಟು ಜನ ಪಶ್ಚಿಮದ ಕೈಗಾರಿಕಾ ದೇಶಗಳವರು.

ಒಂದನ್ನು ಒಪ್ಪುತ್ತೇನೆ: ಶಾಸ್ತ್ರ ಅಲ್ಲೇ ನಿಂತಿಲ್ಲ. ಕೋಯೆನ್ ಲೈಕ್ಸ್ ಮತ್ತು ಸಂಗಡಿಗರು ನಿರ್ಧಾರ ಮಾಡುವುದನ್ನೂ, ಮಾಡಿದ ನಿರ್ಧಾರ ತನ್ನದೆನಿಸುವುದನ್ನೂ ಬೇರೆಬೇರೆಯಾಗಿ ನೋಡಿದರು. ನಮಗೆ ಒದಗುವ ದಾರಿ ಇದೇ. ಬೇರೆಯವರು ಆರಿಸಿಕೊಟ್ಟದ್ದು ಯಾವಾಗ, ಹೇಗೆ ತನ್ನದಾಗುತ್ತದೆ, ಯಾರಿಗೆ ಎಂದೂ ಆಗುವುದಿಲ್ಲ? ಒಂದು ದಿನದ ಪ್ರಶ್ನಾವಳಿಗೆ ಇದು ಸಿಗದು. ಅದೇ ಮಕ್ಕಳನ್ನು 16ರಲ್ಲಿ, 19ರಲ್ಲಿ, 24ರಲ್ಲಿ ಅವರವರ ಊರಿನ ಕನ್ನಡದಲ್ಲೇ ಮಾತಾಡಿಸಬೇಕು. ನೀನೇನು ನಿರ್ಧರಿಸಿದೆ ಎಂದು ಕೇಳುವ ಮೊದಲು, ಯಾರ್‍ಯಾರ ಹತ್ತಿರ ಮಾತಾಡಿದೆ ಎಂದು ಕೇಳಬೇಕು.