ವಾಯಿದೆ ಯಾರದ್ದು?



ಹಾಸ್ಟೆಲುಗಳಲ್ಲಿ ಎರಡು ಮಾತು ಕೇಳ್ತೀವಿ. ಬ್ರಿಟಿಷರು ಕೋರ್ಟು ಕಟ್ಟಿದ್ದರಿಂದ ನಮಗೆ ನ್ಯಾಯ ಬಂತು ಅಂತಾನೆ ಒಬ್ಬ. ಅವರು ಬಂದು ಹಳೇ ನ್ಯಾಯ ಪಂಚಾಯ್ತಿ ಕೆಡಿಸಿದರು ಅಂತಾನೆ ಇನ್ನೊಬ್ಬ. ಈ ಎರಡನೆಯವನನ್ನ ಕೇಳಿ: ಆ ಪಂಚಾಯ್ತಿ ಕಟ್ಟೆ ಮೇಲೆ ನಿಮ್ಮ ತಾತ ಕೂತಿದ್ದರಾ, ಕೆಳಗೆ ಕೈಕಟ್ಟಿ ನಿಂತಿದ್ದರಾ? ಸಾಕು, ಅವನ ಸುದ್ದಿ ಬಿಡಿ.

ಮೊದಲನೆಯವನಿಗೆ ಉದ್ದದ ಉತ್ತರ ಬೇಕು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತಗೊಂಡರು. 1834ರಲ್ಲಿ ಹುಜೂರ್ ಅದಾಲತ್, 1856ರಲ್ಲಿ ಜುಡಿಷಿಯಲ್ ಕಮಿಷನರ್, ರಾಜರಿಗೆ ರಾಜ್ಯ ಮರಳಿದ ಮೇಲೆ 1884ರಲ್ಲಿ ಚೀಫ್ ಕೋರ್ಟು. ಇದೆಲ್ಲ ಬೆಂಗಳೂರಿನ ಮಾತು. ಮಂಡ್ಯ, ಮದ್ದೂರು, ಮಳವಳ್ಳಿ ಆಗ ಅಷ್ಟಗ್ರಾಮ ವಿಭಾಗದ ಸೀಮೆ. ಕಬ್ಬನ್ ಕಾಲದಲ್ಲಿ ಇಲ್ಲಿ ಕಂದಾಯ ಎತ್ತುವ ಅಮಲ್ದಾರನೇ ಸಣ್ಣ ದಾವೆ ಕೇಳುವ ನ್ಯಾಯಾಧೀಶ. ಲೆಕ್ಕ ಬರೆಯೋನು ಶಾನುಭೋಗ. ಊರಿನ ಪರವಾಗಿ ಮಾತಾಡೋನು ಪಟೇಲ. ಆ ಲೆಕ್ಕದ ಗಂಟನ್ನ ಕಚೇರಿಗೆ ಹೊತ್ತುಕೊಂಡು ಹೋಗೋ ತೋಟಿ ಮಾತ್ರ ನಮ್ಮವನು. ಹೊತ್ತ, ಓದಲಿಲ್ಲ. ಓದೋಕೆ ಬಿಟ್ಟಿದ್ದರೆ ತಾನೆ!

ಯಾವ ಜಾತಿಯವನಾದರೂ ದಾವೆ ಹಾಕಬಹುದು ಅಂತ ಆ ಕೋರ್ಟು ಹೇಳಿತು, ನಿಜ. ಆದರೆ ಅದು ಕಾಗದ ಕೇಳಿತು. ಕಾಗದದ ಜೊತೆ ವಾಯಿದೆಯನ್ನೂ ಕೇಳಿತು. 1859ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ವಾಯಿದೆ ಕಾಯಿದೆ ಬಂತು: ಇಷ್ಟು ವರ್ಷದೊಳಗೆ ಬಾಗಿಲು ತಟ್ಟದವನಿಗೆ ಬಾಗಿಲೇ ಇಲ್ಲ. ಬಾಗಿಲ ಹತ್ತಿರಕ್ಕೇ ಸೇರಿಸದ ವರ್ಷಗಳು ಆ ಲೆಕ್ಕದಲ್ಲಿ ಎಲ್ಲಿವೆ?

ಇದು ಹಳೇ ಕತೆ ಅನ್ನಬೇಡಿ. ಸರ್ಕಾರ ನಮಗೆ ಕೊಟ್ಟ ಜಮೀನನ್ನ ಸಾಲಕ್ಕೆ, ಹೆಂಡಕ್ಕೆ, ಹೆಬ್ಬೆಟ್ಟಿಗೆ ಬರೆಸಿಕೊಂಡವರಿಂದ ವಾಪಸು ಕೊಡಿಸಲು 1978ರ ಪಿಟಿಸಿಎಲ್ ಕಾಯಿದೆ ಬಂತು. 1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಅದನ್ನ ಎತ್ತಿ ಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಸಕಾಲದಲ್ಲಿ ಅರ್ಜಿ ಹಾಕಿಲ್ಲವಾದರೆ ಜಮೀನು ಸಿಗಲ್ಲ ಅಂದಿತು. ಆ ವಾಯಿದೆ 1978ರ ಕಾಯಿದೆಯಲ್ಲೇ ಇರಲಿಲ್ಲ. ಗುಡಿಸಲಲ್ಲಿ ಹೆಬ್ಬೆಟ್ಟು ಒತ್ತಿದ ಮುದುಕಿಗೆ ಸಕಾಲ ಯಾವುದು ಸ್ವಾಮಿ? ಜನ ಬೀದಿಗಿಳಿದ ಮೇಲೆ 2023ರಲ್ಲಿ ವಾಯಿದೆ ಇಲ್ಲ ಅಂತ ತಿದ್ದುಪಡಿ ಆಯ್ತು. ವಕೀಲರ ವಾದ ಇನ್ನೂ ಮುಗಿದಿಲ್ಲ.

ನಮ್ಮ ಮೂರೂ ತಾಲ್ಲೂಕಿನ ಈ ಅರ್ಜಿಗಳು ಹೋಗೋದು ಮಂಡ್ಯದ ಎ.ಸಿ. ಕೋರ್ಟಿಗೆ. ಈ ಸಲ ರಜಕ್ಕೆ ಊರಿಗೆ ಹೋದಾಗ ಟ್ರಂಕಿನ ತಳದಲ್ಲಿರೋ ಸಾಗುವಳಿ ಚೀಟಿ ತೆಗೀರಿ. ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿ. ಸರ್ವೆ ನಂಬರು ಬರೆದುಕೊಂಡು ಬನ್ನಿ.