ರದ್ದಿಯ ಬೆಲೆಯರಿತ ದೇಶ

ಕಾಗದದ ವ್ಯಾಪಾರವು ಅರಣ್ಯವುಳ್ಳ ನಾಡುಗಳ ಭಾಗ್ಯವೆಂಬ ಭಾವನೆಯು ಜನರಲ್ಲಿ ಬಹುಕಾಲದಿಂದ ಬೇರೂರಿದೆ. ರೋಣ, ನರಗುಂದ, ಗಜೇಂದ್ರಗಡಗಳಂತಹ ಎರೆಭೂಮಿಯ ತಾಲೂಕುಗಳು ಕಾಗದವನ್ನು ಕೊಳ್ಳಬಲ್ಲವೇ ಹೊರತು ಅದರ ಉತ್ಪಾದನೆಗೆ ನೆರವಾಗಲಾರವೆಂದು ಹೇಳುವವರೂ ಉಂಟು. ಭಾರತ ಮತ್ತು ಚೀನಗಳ ಕಾಗದ ಹಾಗೂ ರಟ್ಟಿನ ವ್ಯಾಪಾರವನ್ನು ಹೋಲಿಸಿ ನೋಡಿದರೆ ಈ ಮಾತು ನಿಲ್ಲಲಾರದು.

ಯಂತ್ರದ ಕಾಗದದಲ್ಲಿ ನಮ್ಮ ದೇಶವು ತಡವಾಗಿ ಕಾಲಿಟ್ಟುದಲ್ಲ. ಬಂಗಾಲದ ಶ್ರೀರಾಮಪುರದಲ್ಲಿ 1832ರಲ್ಲಿಯೇ ಯಂತ್ರವು ನಡೆಯಿತು. 1925ರ ಕಾನೂನಿನಿಂದ ಬಿದಿರಿನ ಕಾಗದಕ್ಕೆ ಜಕಾತಿಯ ರಕ್ಷಣೆ ದೊರೆಯಿತು. 1936ರಲ್ಲಿ ಭದ್ರಾವತಿಯ ಮೈಸೂರು ಕಾಗದದ ಕಾರಖಾನೆಯೂ 1955ರಲ್ಲಿ ದಾಂಡೇಲಿಯ ಕಂಪನಿಯೂ ಸ್ಥಾಪಿತವಾದವು. ಇವುಗಳಲ್ಲಿ ಭದ್ರಾವತಿಯ ಉತ್ಪಾದನೆಯು 2015ರಲ್ಲಿ ನಿಂತುಹೋಯಿತು.

ಚೀನದ ದಾರಿಯೇ ಬೇರೆ. ತನ್ನ ಸರಕನ್ನು ಪರದೇಶಗಳಿಗೆ ಕಳುಹಿಸಲು ಅದಕ್ಕೆ ಅಪಾರವಾದ ರಟ್ಟಿನ ಪೆಟ್ಟಿಗೆಗಳು ಬೇಕಾದವು. ಅಷ್ಟಕ್ಕೆ ಸಾಲುವ ಮರ ಅಲ್ಲಿರಲಿಲ್ಲ. ಆದುದರಿಂದ ಅದು ಅಮೇರಿಕ, ಯುರೋಪುಗಳ ಜನರು ಎಸೆದ ರದ್ದಿಯನ್ನೇ ಕೊಂಡುಕೊಂಡಿತು. ಸರಕು ಇಳಿಸಿದ ಹಡಗುಗಳು ಹಿಂದಿರುಗುವಾಗ ರದ್ದಿಯನ್ನು ಹೇರಿಕೊಂಡು ಬಂದವು. 2012ರ ಹೊತ್ತಿಗೆ ಈ ಆಯಾತವು ವರ್ಷಕ್ಕೆ ಸುಮಾರು 3 ಕೋಟಿ ಟನ್ನುಗಳಿಗೆ ಮುಟ್ಟಿತ್ತು. ಗಿರಣಿಗಳು ಬಲಿತ ಮೇಲೆ, 2021ರ ಜನೇವರಿ 1ರಿಂದ, ಆ ಸರಕಾರವು ಪರದೇಶದ ರದ್ದಿಗೆ ಬಾಗಿಲು ಮುಚ್ಚಿತು. ಇಂದು ಅಲ್ಲಿಯ ವಾರ್ಷಿಕ ಉತ್ಪಾದನೆಯು 10 ಕೋಟಿ ಟನ್ನುಗಳನ್ನು ಮೀರಿದೆ. ನಮ್ಮದು 2 ಕೋಟಿಯ ಆಸುಪಾಸಿನಲ್ಲಿದೆ.

ಆ ಬಾಗಿಲು ಮುಚ್ಚಿದಾಗ ನಮಗೆ ಲಾಭವಾಯಿತೆಂಬುದು ನಿಜ. ನಮ್ಮ ಗಿರಣಿಗಳ ಕಂದುಕಾಗದವು ಚೀನಕ್ಕೆ ಹೋಗಿ, 2021–22ರಲ್ಲಿ ಕಾಗದದ ನಿರ್ಯಾತವು ಹಿಂದೆಂದೂ ಕಾಣದಷ್ಟು ಏರಿತು. ಆದರೆ ಆ ಸುಗ್ಗಿ ಬಹುಕಾಲ ಬಾಳಲಿಲ್ಲ. 2023–24ರಲ್ಲಿ ಆಯಾತವೇ ಮೂರನೆಯ ಒಂದು ಪಾಲಿನಷ್ಟು ಹೆಚ್ಚಿ, 19 ಲಕ್ಷ ಟನ್ನುಗಳನ್ನು ದಾಟಿತು. 2010ರಲ್ಲಿ ಜಾರಿಗೆ ಬಂದ ಒಪ್ಪಂದದ ಮೇರೆಗೆ ಆಗ್ನೇಯ ಏಶಿಯದ ಕಾಗದಕ್ಕೆ ಜಕಾತಿಯ ತಡೆಯಿಲ್ಲ. ಇತ್ತ ನಮ್ಮ ಗಿರಣಿಗಳು ರದ್ದಿಗಾಗಿಯೂ ಹೊರದೇಶಗಳ ದಾರಿ ಕಾಯುತ್ತಿವೆ. ಏಕೆಂದರೆ ಬಳಸಿದ ಕಾಗದದಲ್ಲಿ ಅರ್ಧಕ್ಕಿಂತಲೂ ಕಡಿಮೆ ಭಾಗವನ್ನು ಮಾತ್ರ ನಾವು ಮರಳಿ ಕೂಡಿಸುತ್ತೇವೆ.

ನಮ್ಮ ಮೂರು ತಾಲೂಕುಗಳಿಗೆ ಈ ಪಾಠವು ಹೊಸದಲ್ಲ. 1861–65ರ ಅಮೇರಿಕದ ಅಂತಃಕಲಹದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಲ್ಯಾಂಕಾಶಾಯರದಿಂದ ಬೇಡಿಕೆ ಬಂದಿತು. ಕಲಹ ಮುಗಿದೊಡನೆ ಬೆಲೆ ಕುಸಿಯಿತು. ಪರರ ಅಡಚಣೆಯಿಂದ ಬಂದ ಭಾಗ್ಯವು ಆ ಅಡಚಣೆಯೊಡನೆಯೇ ಹೋಗುವುದು. ಈಗಲೂ ಹತ್ತಿ ಬಿಡಿಸಿದ ಮೇಲೆ ಹತ್ತಿಕಟ್ಟಿಗೆಯು ಒಲೆಗೆ ಹೋಗುತ್ತದೆ, ಇಲ್ಲವೆ ಹೊಲದಲ್ಲಿಯೇ ಸುಟ್ಟು ಬೂದಿಯಾಗುತ್ತದೆ. ಅದರಿಂದ ಹಲಗೆಯನ್ನೂ ಕಾಗದದ ತಿರುಳನ್ನೂ ಮಾಡಬಹುದೆಂದು ಪ್ರಯೋಗಗಳು ತೋರಿಸಿವೆ. ಪೇಟೆಯ ರಟ್ಟಿನ ಪೆಟ್ಟಿಗೆಗಳು ಹಸಿ ಕಸದೊಡನೆ ಬೆರೆತು ಕೊಳೆತರೆ ಯಾವ ಗಿರಣಿಗೂ ಬಾರವು. ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಬೇಕೆಂಬ ನಿಯಮವು 2016ರಲ್ಲಿಯೇ ಬಂದಿದೆ.

ಜಕಾತಿಯ ಗೋಡೆಯು ಗಿರಣಿಗೆ ಕೆಲಕಾಲದ ಆಸರೆ ಕೊಡಬಹುದು, ಕಚ್ಚಾ ಮಾಲನ್ನು ಕೊಡಲಾರದು. ಪುರಸಭೆಗಳು ಒಣ ರದ್ದಿಯನ್ನು ಬೇರೆಯಾಗಿ ಕೂಡಿಸಲಿ. ಸಹಕಾರಿ ಸಂಘಗಳು ಹತ್ತಿಕಟ್ಟಿಗೆಗೆ ಗಿರಾಕಿಯನ್ನು ಹುಡುಕಲಿ. ಸರಕಾರವು ಸಾಗಣೆಯ ವೆಚ್ಚದಲ್ಲಿ ನೆರವಾಗಲಿ. ಎಸೆದುದನ್ನು ಎತ್ತಿಕೊಂಡ ದೇಶವು ಮುಂದೆ ಹೋಗಿದೆ. ನಾವು ಎಸೆಯುತ್ತಲೇ ಇದ್ದು ಪರರ ಕಾಗದದ ಮೇಲೆ ಸ್ವದೇಶಿಯ ಮಾತನ್ನು ಬರೆಯುತ್ತ ಕುಳಿತರೆ, ಅದನ್ನು ಯಾರು ನಂಬುವರು?